ಒಬ್ಬರ ಕೊಸರು

ಹತ್ತು ರೂಪಾಯಿ. ಕೊತ್ತಂಬರಿ ಸೊಪ್ಪಿಗೆಂದು ನಾನು ಜೀವನದಲ್ಲಿ ಮೊದಲ ಸಲ ಕೊಟ್ಟ ದುಡ್ಡು ಅದು. ಜಗಳೂರಿನ ಬಸ್ ನಿಲ್ದಾಣದ ಹತ್ತಿರ, ಆಷಾಢದ ಗಾಳಿ ಕಣ್ಣಿಗೆ ಧೂಳು ತುಂಬುತ್ತಿದ್ದ ಒಂದು ಸಂಜೆ. ಹತ್ತು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಕೊತ್ತಂಬರಿ, ಕರಿಬೇವು ದುಡ್ಡು ಕೊಟ್ಟು ತರುವ ಪದಾರ್ಥ ಎಂದು ನಾನು ಅಲ್ಲಿಯವರೆಗೆ ಒಪ್ಪಿಕೊಂಡಿರಲೇ ಇಲ್ಲ. ತರಕಾರಿ ಕೊಂಡ ಮೇಲೆ ಚೀಲದ ಬಾಯಿ ಅಗಲಿಸಿ ಹಿಡಿದು ‘ಕೊಸರು ಹಾಕ್ರಿ’ ಅಂದರೆ ಮೇಲಿಂದ ಬೀಳುವ ಪದಾರ್ಥ ಅವು. ಅವತ್ತು ಯಾಕೆ ಬೀಳಲಿಲ್ಲ ಎಂದರೆ, ನಾನು ಕೊಂಡದ್ದು ಒಂದು ಈರುಳ್ಳಿ, ಎರಡು ಟೊಮೆಟೊ. ಅಷ್ಟಕ್ಕೆ ಯಾರೂ ಕೊಸರು ಹಾಕುವುದಿಲ್ಲ.

ಮೊನ್ನೆ ಸಂತೇಬೆನ್ನೂರು ಸಂತೆಗೆ ಹೋಗಿದ್ದಾಗ ಇದೆಲ್ಲ ಮತ್ತೆ ನೆನಪಾಯಿತು. ಸಂತೆ ಏಳುವ ಹೊತ್ತು. ಸೊಪ್ಪು ಮಾರುವವಳೊಬ್ಬಳು ಉಳಿದದ್ದನ್ನು ಮನೆಗೆ ಹೊರಲಾರದೆ ನಾನು ಕೇಳುವ ಮೊದಲೇ ಎರಡು ಹಿಡಿ ಕೊತ್ತಂಬರಿ ನನ್ನ ಚೀಲಕ್ಕೆ ತುರುಕಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಕುಲುಕಾಟಕ್ಕೆ ಎಲೆ ನಲುಗಿ ವಾಸನೆ ಏಳುತ್ತಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು, “ಮನೇಲಿ ಭಾಳ ಮಂದಿ ಇರಬೇಕು” ಅಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮನೆಯಲ್ಲಿ ಭಾಳ ಮಂದಿ ಇದ್ದ ಕಾಲವೂ ಇತ್ತು. ಚನ್ನಗಿರಿಯಲ್ಲಿ ಅವ್ವ, ನಾನು, ಇಬ್ಬರು ತಂಗಿಯರು, ಯಾವಾಗಲೂ ಒಬ್ಬಿಬ್ಬರು ನೆಂಟರು. ಅಪ್ಪ ಬೇಗ ಹೋದದ್ದರಿಂದ ಸಂಸಾರ ಹಿರಿಮಗಳಾದ ನನ್ನ ಹೆಗಲಿಗೆ ಬಂತು. ಸ್ಟೀಲ್ ಪಾತ್ರೆಗಳನ್ನು ಗಂಟು ಕಟ್ಟಿಕೊಂಡು ತ್ಯಾವಣಿಗೆ, ಸಂತೇಬೆನ್ನೂರು ಅಂತ ಊರೂರು ತಿರುಗಿ ಮಾರಿದೆ. ಆಮೇಲೆ ಚನ್ನಗಿರಿಯಲ್ಲೇ ಒಂದು ಮಳಿಗೆ ಹಿಡಿದೆ. ನನ್ನ ಮದುವೆಯ ಮಾತೂ ಆಗಾಗ ಬರುತ್ತಿತ್ತು. ಗಿರಾಕಿಗೆ ಹೇಳಿದಂತೆ ‘ನೋಡೋಣ’ ಅನ್ನುತ್ತಿದ್ದೆ. ನೋಡ್ತಾ ನೋಡ್ತಾ ಶಾಂತಾಳನ್ನು ಹೊನ್ನಾಳಿಗೂ ಸುಮಾಳನ್ನು ನ್ಯಾಮತಿಗೂ ಕೊಟ್ಟೆ. ಇಬ್ಬರ ಮದುವೆಯ ಪಾತ್ರೆಗಳ ಮೇಲೂ ಅವರ ಹೆಸರು, ಗಂಡಂದಿರ ಹೆಸರು ನಾನೇ ನಿಂತು ಕೊರೆಸಿದೆ.

ಸಂತೆ ಮಾಡುವುದು ಮಾತ್ರ ಯಾವತ್ತೂ ನನ್ನ ಕೆಲಸವೇ. ಕೊಸರು ಕೇಳುವುದಕ್ಕೂ ಒಂದು ಹೊತ್ತಿದೆ, ತಿಳಿದುಕೊಳ್ಳಿ. ತೂಕಕ್ಕೆ ಮೊದಲು ಕೇಳಿದರೆ ತೂಕದಲ್ಲಿ ಹಿಡಿಯುತ್ತಾರೆ. ದುಡ್ಡು ಕೈಗಿಟ್ಟು, ಅವರು ಚಿಲ್ಲರೆ ಹುಡುಕುವಾಗ ಕೇಳಬೇಕು. ವ್ಯಾಪಾರ ಮುಗಿದ ನೆಮ್ಮದಿಯಲ್ಲಿ ಕೈ ತಾನಾಗಿ ಸೊಪ್ಪಿನ ಕಡೆ ಹೋಗುತ್ತದೆ. ಹಾಗೆ ತಂದ ಕೊತ್ತಂಬರಿಯನ್ನು ಅವ್ವ ಸಾರಿಗೆ ಧಾರಾಳವಾಗಿ ಹಾಕುತ್ತಿದ್ದಳು. ಸುಮಾಗೆ ಅದು ಆಗದು. ತಟ್ಟೆಯಲ್ಲಿ ತೇಲುವ ಎಲೆಗಳನ್ನೆಲ್ಲ ಆರಿಸಿ ನನ್ನ ತಟ್ಟೆಯ ಅಂಚಿಗೆ ಇಡುವಳು. ದೊಡ್ಡವಳಾಗಿ ಕಾಲೇಜಿಗೆ ಹೋಗುವಾಗಲೂ ಬಿಡಲಿಲ್ಲ. ನನ್ನ ಕೊತ್ತಂಬರಿಯ ಜೊತೆಗೆ ಅವಳದ್ದೂ ನನ್ನ ಹೊಟ್ಟೆಗೇ.

ಅವ್ವ ಹೋದಳು. ಮರುವರ್ಷ ಸುಮಾಳ ಮದುವೆಯಾಯಿತು. ಅದೇ ಬೇಸಿಗೆಯಲ್ಲಿ ಚನ್ನಗಿರಿಯ ಮಳಿಗೆಯ ಮಾಲೀಕ ತನ್ನ ಮಗನಿಗೆ ಅಂಗಡಿ ಹಾಕಿಕೊಡಬೇಕೆಂದು ಜಾಗ ಬಿಡಿಸಿಕೊಂಡ. ಜಗಳೂರಿನಲ್ಲಿ ವಯಸ್ಸಾದ ಪಾತ್ರೆ ವ್ಯಾಪಾರಿಯೊಬ್ಬರು ಅಂಗಡಿ ಬಿಡುತ್ತಾರೆಂದು ಸುದ್ದಿ ಬಂತು. ನಾನು ಬೇಕೆಂದೇ ಆಷಾಢದವರೆಗೆ ಕಾದೆ. ಆಷಾಢದಲ್ಲಿ ಯಾರೂ ಹೊಸ ಅಂಗಡಿ ಹಿಡಿಯುವುದಿಲ್ಲ. ಅದಕ್ಕೇ ಮುಂಗಡ ಇಳಿಯಿತು, ಹೆಸರು ಕೊರೆಯುವ ಯಂತ್ರ ಪುಕ್ಕಟೆ ಬಂತು, ಮೇಲಿನ ರೂಮು ಬಾಡಿಗೆಯಲ್ಲೇ ಸೇರಿತು. ನೀವೂ ಅಂಗಡಿ ಹುಡುಕುತ್ತಿದ್ದರೆ ಆಷಾಢದಲ್ಲೇ ಹುಡುಕಿ, ಶ್ರಾವಣದಲ್ಲಿ ಪೂಜೆ ಮಾಡಿ.

ತಂಗಿಯರಿಗೆ ಇದು ಹಿಡಿಸಲಿಲ್ಲ. ಶಾಂತಾ ನನಗಿಂತ ಜೋರು.

“ಗುರುತಿಲ್ಲ ಪರಿಚಯ ಇಲ್ಲ, ಆ ಊರಾಗೆ ಒಬ್ಳೇ ಏನ್ ಮಾಡ್ತೀಯ? ಯುಗಾದಿವರೆಗೂ ನೋಡು. ಅಷ್ಟರಾಗೆ ಅಂಗಡಿ ನಿಲ್ಲಲಿಲ್ಲ ಅಂದ್ರೆ ಎಲ್ಲ ಮಾರಿ ಬಂದುಬಿಡ್ಬೇಕು. ಆರು ತಿಂಗಳು ನಮ್ಮನೇಲಿರು, ಆರು ತಿಂಗಳು ಸುಮಾನ ಮನೇಲಿರು.”

“ನಾನೇನು ಉತ್ಸವಮೂರ್ತಿನೇನೆ, ಅಲ್ಲಿಷ್ಟು ದಿನ ಇಲ್ಲಿಷ್ಟು ದಿನ ಇರಾಕೆ?”

ಅವಳು ನಗಲಿಲ್ಲ. ನಾನು ಯುಗಾದಿಯ ಮಾತಿಗೆ ಒಪ್ಪಿದೆ. ತಂಗಿಯರ ಮನೆಯಲ್ಲಿ ಯಾರೂ ನನ್ನನ್ನು ಕೀಳಾಗಿ ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಹಾಕುವ ಮೊದಲು ಕೇಳಬೇಕು. ಅಷ್ಟು ವರ್ಷ ನನ್ನ ಕೈಯಲ್ಲೇ ಉಪ್ಪು ಹಾಕಿದವಳಿಗೆ ಆ ಒಂದು ಮಾತು ಕೇಳುವುದು ಕಷ್ಟ. ಜಗಳೂರಿನಲ್ಲಿ ನಾನು ಉಳಿಸಿಕೊಳ್ಳಲು ಹೊರಟದ್ದು ಅಂಗಡಿಯನ್ನಲ್ಲ, ಕೇಳದೆ ಉಪ್ಪು ಹಾಕುವ ಆ ಕೈಯನ್ನು.

ಹಾಗೆ ಹೋದ ಮೊದಲ ವಾರದಲ್ಲೇ ಆ ಹತ್ತು ರೂಪಾಯಿಯ ಪ್ರಸಂಗ. ನನ್ನ ಅಂಗಡಿಯ ಎದುರಿಗೇ, ರಸ್ತೆಯ ಆಚೆ, ಮಾಬೂಬಿ ಎಂಬ ಹೆಂಗಸು ಗೋಣಿ ಹಾಸಿ ತರಕಾರಿ ಮಾರುತ್ತಿದ್ದಳು. ಅರವತ್ತು ದಾಟಿದ್ದಿರಬಹುದು. ಎಲ್ಲರೂ ಬೂಬಮ್ಮ ಎಂದೇ ಕರೆಯುತ್ತಿದ್ದರು.

“ಟೊಮೆಟೊ ಎರಡು ಕೊಡ್ರಿ ಬೂಬಮ್ಮ, ಒಂದ್ ಈರುಳ್ಳಿ.”

“ಎರಡು ಕೇಜಿನಾ?”

“ಎರಡು ಹಣ್ಣು.”

ತಕ್ಕಡಿಯನ್ನು ಬದಿಗಿಟ್ಟು, ಕೈಯಲ್ಲೇ ತೂಗಿ ರೇಟು ಹೇಳಿದಳು. ದುಡ್ಡು ಕೊಟ್ಟೆ. ಅವಳು ಚಿಲ್ಲರೆ ಹುಡುಕುವಾಗ, ಅಭ್ಯಾಸದಂತೆ, ಚೀಲದ ಬಾಯಿ ಅಗಲಿಸಿದೆ.

“ಕೊಸರು?”

“ಯಾತಕ್ಕೆ?”

“ತಗೊಂಡಿಲ್ವಾ ತರಕಾರಿ?”

“ಇದಕ್ಕೆ ಕೊಸರು ಹಾಕಿದ್ರೆ ತರಕಾರಿಗಿಂತ ಕೊಸರೇ ಜಾಸ್ತಿ ಆಗ್ತೈತಲ್ರೀ! ಮನೇಲಿ ಎಷ್ಟ್ ಮಂದಿ?”

“ಒಬ್ಳೇ.”

“ಒಬ್ರಿಗೆ ಯಾಕ್ರೀ ಕೊತ್ತಂಬ್ರಿ? ಹಂಗೇ ಒಗ್ಗರಣೆ ಹಾಕ್ಕೊಂಡು ಉಣ್ರಿ.”

ಪಕ್ಕದಲ್ಲಿ ನಿಂತಿದ್ದ ಇಬ್ಬರು ನಕ್ಕರು. ಮಾಬೂಬಿ ನೋಯಿಸಲು ಹೇಳಿದ್ದಲ್ಲ, ಲೆಕ್ಕ ಹೇಳಿದ್ದು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಕ್ಷಣಕ್ಕೆ ನನಗೆ ಎಲ್ಲಿಲ್ಲದ ರೋಷ ಬಂತು. “ದುಡ್ಡಿಗೇ ಕೊಡ್ರಿ, ಒಂದ್ ಕಟ್ಟು” ಎಂದು ಹತ್ತರ ನೋಟು ಗೋಣಿಯ ಮೇಲಿಟ್ಟೆ. ಆ ಕಟ್ಟನ್ನು ಒಬ್ಬಳೇ ಮುಗಿಸಲಾಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೂ ಹಳದಿಯಾಯಿತು, ಲೋಳೆಯಾಯಿತು. ಎಸೆಯುವಾಗ ಸೊಪ್ಪಿಗಿಂತ ನನ್ನ ಮೇಲೇ ಸಿಟ್ಟು ಬಂತು. ಕೊಸರೂ ಇಲ್ಲ, ಕಟ್ಟೂ ಒಬ್ಬರಿಗೆ ಹೆಚ್ಚು. ಸರಿ, ಬೇಕಾದಷ್ಟನ್ನು ನಾನೇ ಬೆಳೆದುಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ.

ಹಿತ್ತಿಲಿಲ್ಲ. ರೂಮಿನ ಮೇಲಿನ ಮಾಳಿಗೆಗೆ ಕಟ್ಟಡದ ಮಾಲೀಕ ಬೀಗ ಹಾಕಿದ್ದ. “ಕುಂಡ ಇಟ್ರೆ ಸೋರ್ತೈತ್ರೀ” ಎಂಬುದು ಅವನ ಒಂದೇ ಮಾತು. ಮುಂಗಡದಲ್ಲಿ ಇಳಿದಿದ್ದ ಮನುಷ್ಯ ಬೀಗದಲ್ಲಿ ಇಳಿಯಲಿಲ್ಲ. ಇದ್ದದ್ದು ರೂಮಿನ ಒಳಗೆ ಪೂರ್ವದ ಕಡೆಗೆ ಒಂದು ಅಗಲ ಕಿಟಕಿ, ರಸ್ತೆಗೆ ಮುಖ ಮಾಡಿ. ಅದರ ಕಟ್ಟೆ ಮೊಳದಷ್ಟು ಅಗಲ. ಬಿಸಿಲು ಬೆಳಿಗ್ಗೆ ಮಾತ್ರ. ಅಷ್ಟೇ ನನ್ನ ಹೊಲ.

ಕುಂಡ ಕೊಳ್ಳುವ ಅಗತ್ಯ ನನಗಿರಲಿಲ್ಲ. ಅಂಗಡಿಯಲ್ಲಿ ಸಾಗಾಟದಲ್ಲಿ ಸೊಟ್ಟಗಾದ ಮಾಲು ಇದ್ದೇ ಇರುತ್ತದೆ. ಹಿಟ್ಟು ನಾದುವ ಅಗಲ ಪರಾತಗಳನ್ನು ಮೇಲೆ ತಂದೆ. ಬಿಳಿಚೋಡಿನಿಂದ ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದಿದ್ದ ಕುರಿ ಸಾಕುವವರ ಹತ್ತಿರ, ರೇಟು ಇಳಿಸಿದ್ದಕ್ಕೆ ಬದಲಾಗಿ ಒಂದು ಚೀಲ ಕುರಿಗೊಬ್ಬರಕ್ಕೆ ಮಾತಾಡಿಕೊಂಡೆ. ಕೆರೆಯಂಗಳದ ಮಣ್ಣಿಗೆ ಅದನ್ನು ಬೆರೆಸಿದೆ. ಅಡುಗೆಯ ಡಬ್ಬಿಯಿಂದ ಕೊತ್ತಂಬರಿ ಕಾಳು ತೆಗೆದು, ಬರಿ ನೆಲದ ಮೇಲೆ ಹರಡಿ, ಇಟ್ಟಿಗೆಯಿಂದ ಹಗುರಾಗಿ ಉಜ್ಜಿದೆ. ಕಾಳು ಎರಡು ಹೋಳಾಗಬೇಕು, ಪುಡಿಯಾಗಬಾರದು. ಆ ವಾಸನೆಗೆ ರೂಮು ಮೊದಲ ಸಲ ಮನೆಯಂತಾಯಿತು.

ಆದರೆ ಪರಾತಕ್ಕೆ ತೂತು ಹೊಡೆಯಲಿಲ್ಲ. ನೀರು ಬಸಿದು ಹೋಗಲು ದಾರಿ ಬೇಕು ಎಂಬುದು ಗೊತ್ತಿರಲಿಲ್ಲ ಎಂದಲ್ಲ. ಸೊಟ್ಟ ಪಾತ್ರೆಗೆ ಸುತ್ತಿಗೆಯಲ್ಲಿ ನಾಲ್ಕು ತಟ್ಟು ತಟ್ಟಿದರೆ ಇನ್ನೂ ಗಿರಾಕಿ ಸಿಗುತ್ತಾನೆ. ತೂತಾದ ಪಾತ್ರೆ ಗುಜರಿಗೇ. ಯುಗಾದಿಗೆ ಗಂಟು ಕಟ್ಟುವುದಾದರೆ ಮಣ್ಣು ಚೆಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ, ಇವನ್ನೂ ಮಾಲಿಗೆ ಸೇರಿಸಬಹುದು. ಏನೇ ಮಾಡಲಿ, ವಾಪಸ್ ಬರುವ ದಾರಿ ತೆರೆದಿಟ್ಟೇ ಮಾಡುವುದು ನನ್ನ ಚಾಳಿ. ಅದರಿಂದಲೇ ಬದುಕಿದ್ದೇನೆ.

ಕೊತ್ತಂಬರಿ ಮೊಳೆಯಿತು, ಎರಡೆಲೆ ಬಿಟ್ಟಿತು, ಆಮೇಲೆ ಬುಡದಲ್ಲಿ ಕಂದಾಗಿ ಒಂದೊಂದೇ ಮಲಗಿತು. ಮಣ್ಣು ಹುಳಿ ವಾಸನೆ ಹೊಡೆಯಿತು. ಎರಡನೆಯ ಸಲ ಹೆದರಿ ನೀರು ಕಡಿಮೆ ಹಾಕಿದೆ. ಗಾಳಿ ಕಿಟಕಿಯಿಂದ ನುಗ್ಗಿ ಒಣಗಿಸಿಬಿಟ್ಟಿತು. ಜಗಳೂರಿನ ಆಷಾಢದ ಗಾಳಿಗೆ ಮಳೆ ತರುವ ಮನಸ್ಸಿಲ್ಲ, ಇದ್ದ ಹಸಿಯನ್ನೂ ಒಯ್ಯುವ ಆತುರ ಮಾತ್ರ. ಶ್ರಾವಣದಲ್ಲಿ ನಾಲ್ಕು ಹನಿ ಬಂದು ಹೋಯಿತು. ರಸ್ತೆ ಒದ್ದೆಯಾಗುವ ಮೊದಲೇ ಒಣಗಿತ್ತು.

ಪುದೀನ ನನ್ನ ಜೊತೆ ಚೌಕಾಸಿ ಮಾಡಲಿಲ್ಲ. ಎಲೆ ಬಿಡಿಸಿದ ಮೇಲೆ ಎಸೆಯಬೇಕಾದ ಕಡ್ಡಿಗಳನ್ನು ಚೊಂಬಿನ ನೀರಲ್ಲಿ ನಿಲ್ಲಿಸಿದ್ದೆ. ಕೆಲವೇ ದಿನದಲ್ಲಿ ಬಿಳಿ ಬೇರು ಇಳಿಯಿತು. ಪರಾತಕ್ಕೆ ನೆಟ್ಟೆ. ತೇವ ಹೆಚ್ಚಾದರೂ ಅದಕ್ಕೆ ಬೇಸರವಿಲ್ಲ. ಹಬ್ಬಿತು. ಒಬ್ಬ ಗಿರಾಕಿ ಕೊಟ್ಟ ದೊಡ್ಡಪತ್ರೆಯ ತುಂಡು ಮೂಲೆಯಲ್ಲಿ ಹಿಡಿದುಕೊಂಡಿತು. ಮೆಂತ್ಯ ಒಂದು ಸಲ ಕೊಯ್ಯುವಷ್ಟು ಬಂತು.

ಒಳಗೆ ಬೆಳೆದ ಗಿಡಕ್ಕೆ ಒಂದು ಸ್ವಭಾವವಿದೆ. ಬೆಳಕಿನ ಕಡೆ ಮೈಯೆಲ್ಲ ವಾಲಿಸುತ್ತದೆ. ಬೆಳಿಗ್ಗೆ ಪರಾತವನ್ನು ತಿರುಗಿಸಿ ಅಂಗಡಿಗೆ ಇಳಿದರೆ, ಸಂಜೆ ಬರುವ ಹೊತ್ತಿಗೆ ತುದಿಗಳು ಮತ್ತೆ ಕಿಟಕಿಯ ಕಡೆ ತಿರುಗಲು ಹೊರಟಿರುತ್ತಿದ್ದವು. ನಾನೂ ಅಲ್ಲೇ ಚಾಪೆ ಹಾಸಿಕೊಂಡು, ಸರಳುಗಳ ಆಚೆ ಬಸ್ಸು ಹತ್ತುವವರನ್ನು ನೋಡುತ್ತ ಉಣ್ಣುತ್ತಿದ್ದೆ. ಜಗಳೂರಿನಲ್ಲಿ ಪಾತ್ರೆ ಕೊಂಡವರು ಹೆಸರು ಹಾಕಿಸದೆ ಒಯ್ಯುವುದಿಲ್ಲ. ಹಗಲೆಲ್ಲ ಅವರಿವರ ಹೆಸರು ಕೊರೆಯುತ್ತಿದ್ದೆ. ಇಂಥವರ ಮಗಳು, ಇಂಥವರ ಸೊಸೆ, ಸೋದರಮಾವನ ಉಡುಗೊರೆ. ಶೆಟರ್ ಎಳೆದು ಮೇಲೆ ಹೋದ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಆ ಮೆಟ್ಟಿಲನ್ನು ನನ್ನ ಚಪ್ಪಲಿ ಬಿಟ್ಟು ಬೇರೆ ಚಪ್ಪಲಿ ತುಳಿಯಲಿಲ್ಲ.

ಕಾರ್ತಿಕದ ಚಳಿಯಲ್ಲಿ ಮೂರನೆಯ ಸಲ ಕೊತ್ತಂಬರಿ ಹಾಕಿದೆ. ಮಣ್ಣಿನ ಕೆಳಗೆ ಜಲ್ಲಿ ಹರಡಿ, ಪರಾತವನ್ನು ಒಂದು ಬದಿಗೆ ಎತ್ತರಿಸಿಟ್ಟು, ಕೆಳಗಿನ ಮೂಲೆಯಲ್ಲಿ ನಿಂತ ನೀರನ್ನು ಬಟ್ಟೆಯಿಂದ ಹಿಂಡಿ ತೆಗೆಯುತ್ತಿದ್ದೆ. ಪಾತ್ರೆಯೂ ಉಳಿಯಬೇಕು, ಗಿಡವೂ ಬರಬೇಕು ಅಂದರೆ ಇಷ್ಟು ಪಾಡು. ಬಂತು. ಒಂದು ಮಧ್ಯಾಹ್ನ ಕತ್ತರಿಸಿ, ಬೇಳೆ ಸಾರು ಮಾಡಿ, ಅವ್ವನ ಹಾಗೆ ಧಾರಾಳವಾಗಿ ಉದುರಿಸಿ ಉಂಡೆ. ಎದ್ದು ತಟ್ಟೆ ತೊಳೆಯಲು ಹೋದಾಗ ನೋಡುತ್ತೇನೆ, ನಾಲ್ಕೈದು ಎಲೆಗಳನ್ನು ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದೇನೆ. ನನಗೆ ಕೊತ್ತಂಬರಿ ಇಷ್ಟವೇ. ಯಾವಾಗ ಸರಿಸಿದೆ ಎಂದು ನನಗೇ ತಿಳಿಯಲಿಲ್ಲ.

ಸುಮಾಗೆ ಫೋನ್ ಮಾಡಿದೆ. “ಕೊತ್ತಂಬ್ರಿ ಬೆಳ್ದೀನಿ ಕಣೆ. ನೀನಿದ್ದಿದ್ರೆ ಆರಿಸಿಡ್ತಿದ್ದೆ” ಅಂದೆ.

“ಇಲ್ಲ ಅಕ್ಕ, ಈಗ ತಿಂತೀನಿ. ತಟ್ಟೇಲಿ ತೆಗೆದಿಟ್ರೆ ಅತ್ತೆ ನೋಡ್ತಾರೆ. ತಿನ್ನಾಕೆ ಕಲ್ತೀನಿ.”

ಆಮೇಲೆ ಬೇರೆ ಏನೇನೋ ಮಾತಾಡಿದೆವು. ಫೋನ್ ಇಟ್ಟ ಮೇಲೆ ಉಳಿದ ಕೊತ್ತಂಬರಿಯನ್ನು ಅವತ್ತು ಕೊಯ್ಯಲಿಲ್ಲ.

ಮಾಬೂಬಿಯ ಹತ್ತಿರ ಮಾತ್ರ ಕೇಳುವುದನ್ನು ಬಿಟ್ಟಿರಲಿಲ್ಲ. ಎರಡು ಟೊಮೆಟೊ ಕೊಂಡರೂ ಚೀಲ ಅಗಲಿಸಿ “ಕೊಸರು?” ಅನ್ನುವೆ. ಅವಳು ಕತ್ತೆತ್ತದೆ “ಮುಂದಕ್ಕೆ ಹೋಗ್ರಿ” ಅನ್ನುವಳು. ದಿನದಲ್ಲಿ ವ್ಯಾಪಾರ ಬಿಟ್ಟು ನಾನು ಆಡುತ್ತಿದ್ದ ಮಾತು ಅದೊಂದೇ.

ಆ ವರ್ಷ ರಂಜಾನ್ ತಿಂಗಳು ಬೇಸಿಗೆಯ ಮೊದಲಿಗೇ ಬಂತು. ಬಿಸಿಲು ಆಗಲೇ ಹಂಚು ಕಾಯಿಸಿದಂತಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ಮೇಲೆ ಬಂದಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ನಿಂತು ನಿಂತು ಹತ್ತುವ ಹೆಜ್ಜೆ. ಬಾಗಿಲಿಗೆ ಹೋದರೆ ಮಾಬೂಬಿ, ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು.

“ಎಷ್ಟ್ ಎತ್ತರದಾಗೆ ಇದೀರವ್ವಾ! ದಿನಾ ಕೆಳಗಿಂದ ನೋಡ್ತೀನಿ, ನಿಮ್ ಕಿಟಕಿ ಸರಳಿನಾಗೆ ಪುದೀನ ನೇತಾಡ್ತೈತೆ. ನಂಗೆ ಬರೋ ಪುದೀನ ಬಿಸಿಲಿಗೆ ಸುಟ್ಟು ಬರ್ತೈತೆ. ಸಂಜೆಗೆ ಚಟ್ನಿಗೆ ಎಲ್ಲಾರೂ ಕೇಳ್ತಾರೆ. ಮಾರ್ತೀರಾ?”

ಕೈ ತಾನಾಗಿ ನೀರಿನ ಚೊಂಬಿಗೆ ಹೋಯಿತು. “ರೋಜಾ ಐತ್ರೀ, ನೀರೂ ಕುಡಿಯಂಗಿಲ್ಲ” ಅಂದಳು. ಚೊಂಬು ಕೆಳಗಿಟ್ಟೆ. ಆ ರೂಮಿನಲ್ಲಿ ಮೊದಲ ಸಲ ಇನ್ನೊಬ್ಬರು ಕೂತರು, ಅದೂ ನೀರು ಕುಡಿಯದವರು.

ಚೌಕಾಸಿ ಶುರುವಾಯಿತು. ನಾನು ಒಂದು ರೇಟು ಹೇಳಿದೆ.

“ಅಷ್ಟು ಕೊಟ್ಟು ತಗೊಂಡ್ರೆ ನಾನೇ ರೋಡ್ನಾಗೆ ಕೂತು ಭಿಕ್ಷೆ ಬೇಡ್ಬೇಕು.”

“ನೆರಳಿನಾಗೆ ಬೆಳೆದದ್ದು ಬೂಬಮ್ಮ, ಎಲೆ ನೋಡ್ರಿ, ಎಷ್ಟ್ ಮೆತ್ತಗೈತೆ.”

“ಎಲೆ ಮೆತ್ತಗೈತೆ, ನೀವು ಗಟ್ಟಿ ಅದೀರಿ.”

ಅಷ್ಟು ಖುಷಿಯಾಗಿ ನಾನು ಬಹಳ ದಿನದಿಂದ ಜಗಳ ಆಡಿರಲಿಲ್ಲ. ಒಪ್ಪಂದವಾಯಿತು. ಕತ್ತರಿಸಿ ಕಟ್ಟು ಕಟ್ಟಿದೆ. ಅವಳು ಎಲೆಅಡಿಕೆ ಚೀಲದಿಂದ ದುಡ್ಡು ತೆಗೆದು ಕೊಟ್ಟಳು. ಕೊಟ್ಟು, ಸೆರಗು ಅಗಲಿಸಿ ಹಿಡಿದಳು.

“ಕೊಸರು?”

“ಯಾತಕ್ಕೆ?” ಅಂದುಬಿಟ್ಟೆ.

“ತಗೊಂಡಿಲ್ವಾ?”

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಜೀವನವೆಲ್ಲ ಕೇಳಿದವಳು ನಾನು. ಕೊಡುವುದು ಹೇಗೆಂದು ಗೊತ್ತಿರಲಿಲ್ಲ. ಎಷ್ಟು ಕೊಡಬೇಕು? ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

“ಮನೇಲಿ ಎಷ್ಟ್ ಮಂದಿ?”

“ಒಂಬತ್ತು. ಚಿಕ್ಕ ಮೊಮ್ಮಗಂಗೆ ಕೆಮ್ಮು.”

ಮೂಲೆಯಿಂದ ದೊಡ್ಡಪತ್ರೆಯ ಒಂದು ಹಿಡಿ ಮುರಿದು ಸೆರಗಿಗೆ ಹಾಕಿದೆ. ಬಿಸಿ ಮಾಡಿ ರಸ ಹಿಂಡಿ ಜೇನಿನ ಜೊತೆ ಕೊಡಿ ಎಂದು, ಕೇಳದಿದ್ದರೂ ಹೇಳಿದೆ. ಇಳಿಯುವಾಗ ಅವಳು ಮೆಟ್ಟಿಲ ಮೇಲೆ ನಿಂತು, “ಒಬ್ರೇ ಇರ್ತೀರಲ್ಲ, ಹೆದರಿಕೆ ಆಗಲ್ವಾ?” ಅಂದಳು.

“ನನಗಾ?”

“ಕಳ್ಳರಿಗೆ! ನಿಮ್ಮನೇಲಿ ಕದ್ರೆ ಅದಕ್ಕೂ ಚೌಕಾಸಿ ಮಾಡ್ತೀರಿ.”

ಆ ತಿಂಗಳು ಪುದೀನ ಚಿಗುರಿದಾಗಲೆಲ್ಲ ಬಂದಳು. ನಿಂತು ನಿಂತು ಹತ್ತುವ ಹೆಜ್ಜೆ ಕೇಳಿಸಿದರೆ ಕತ್ತರಿ ಹುಡುಕುತ್ತಿದ್ದೆ. ಆದರೆ ಕೆಳಗೆ, ನನ್ನ ಎರಡು ಟೊಮೆಟೊಗೆ ಕೊಸರು ಸಿಗಲಿಲ್ಲ. “ಅದು ಬೇರೆ ವ್ಯಾಪಾರ, ಇದು ಬೇರೆ ವ್ಯಾಪಾರ” ಅನ್ನುವಳು. ತಿಂಗಳು ಮುಗಿಯುತ್ತ ಬಂತು. ಅವಳಿಗೆ ಹತ್ತುವ ಕೆಲಸ ಉಳಿಯಲಿಲ್ಲ. ಮೆಟ್ಟಿಲು ಮೊದಲಿನಂತಾಯಿತು. ಸದ್ದು ಒಮ್ಮೆ ಬಂದು ನಿಂತ ಮೇಲಿನ ನಿಶ್ಶಬ್ದ, ಮೊದಲೇ ಇದ್ದ ನಿಶ್ಶಬ್ದದಂಥದ್ದಲ್ಲ.

ಯುಗಾದಿ ಎದುರಿಗೇ ಇತ್ತು. ಅಂಗಡಿ ಬಿದ್ದಿರಲಿಲ್ಲ, ಎದ್ದೂ ಇರಲಿಲ್ಲ. ಬಾಡಿಗೆ, ಹೊಟ್ಟೆ ಎರಡೂ ನಡೆಯುತ್ತಿದ್ದವು, ಅಷ್ಟೇ. ಶಾಂತಾ, ಅವಳ ಗಂಡ ರುದ್ರೇಶ, ಸುಮಾ ಮೂವರೂ ಲಗೇಜ್ ಆಟೋ ಮಾಡಿಕೊಂಡೇ ಬಂದರು. ರುದ್ರೇಶ ಒಳ್ಳೆಯ ಮನುಷ್ಯ. ನನ್ನ ಮಾಲನ್ನೆಲ್ಲ ಒಟ್ಟಿಗೆ ಕೊಳ್ಳುವ ವ್ಯಾಪಾರಿಯನ್ನು ಹೊನ್ನಾಳಿಯಲ್ಲಿ ಹುಡುಕಿ, ರೇಟೂ ಮಾತಾಡಿ ಇಟ್ಟಿದ್ದ. ತಮ್ಮ ಮನೆಯ ಒಂದು ಕೋಣೆಗೆ ಸುಣ್ಣ ಹೊಡೆಸಿದ್ದಾರೆಂದು ಶಾಂತಾ ಹೇಳಿದಳು. ನಾನು ಬೇಡವೆನ್ನಲಿಲ್ಲ. ಬೇಕೆನ್ನಲೂ ಇಲ್ಲ.

ಅಡುಗೆಗೆಂದು ಸುಮಾಳನ್ನು ಕರೆದುಕೊಂಡು ಮಾಬೂಬಿಯ ಹತ್ತಿರ ಹೋದೆ. ಬದನೆಕಾಯಿ, ಬೀನ್ಸ್, ಸೌತೆಕಾಯಿ, ಟೊಮೆಟೊ, ಎಲ್ಲ ಕೇಜಿಯ ಲೆಕ್ಕದಲ್ಲಿ. ದುಡ್ಡು ಕೊಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಎರಡು ಹಿಡಿ ಕೊತ್ತಂಬರಿ, ಕರಿಬೇವು, ಮೇಲೆ ನಾಲ್ಕು ಹಸಿಮೆಣಸಿನಕಾಯಿ ಚೀಲಕ್ಕೆ ಬಿದ್ದವು.

“ಇಲ್ಲೂ ನಿನ್ ಕೈಚಳಕ ನಡೀತೈತಲ್ಲಕ್ಕ!” ಎಂದು ಸುಮಾ ಹಿಗ್ಗಿದಳು.

ಅದು ನನಗೆ ಬಿದ್ದ ಕೊಸರಲ್ಲ. ನನ್ನ ಪಕ್ಕದಲ್ಲಿ ನಿಂತವಳಿಗೆ, ಮೇಲೆ ಕಾಯುತ್ತಿದ್ದವರಿಗೆ ಬಿದ್ದದ್ದು. ಹೊನ್ನಾಳಿಗೆ ಹೋದರೂ ಚೀಲ ತುಂಬ ಕೊಸರು ಬೀಳುತ್ತದೆ. ಶಾಂತಾಳ ಮನೆಯ ಕೊಸರು ಅದು.

ಊಟವಾಯಿತು. ರುದ್ರೇಶ ಸುಮ್ಮನೆ ಕೂರುವವನಲ್ಲ. ಮೇಲಿನ ರೂಮಿನ ಸಾಮಾನು ಒಂದು ಕಡೆ ಮಾಡತೊಡಗಿದ. ಕಿಟಕಿಯ ಕಟ್ಟೆಯ ಹತ್ತಿರ ಹೋಗಿ, ಪುದೀನದ ಪರಾತದ ಅಂಚು ಬೆರಳಲ್ಲಿ ತಟ್ಟಿ ನೋಡಿದ.

“ಅಕ್ಕಾರೆ, ಒಳ್ಳೆ ದಪ್ಪ ಗೇಜಿನ ಮಾಲು ಇವು. ಮಣ್ಣು ಚೆಲ್ಲಿ ತೊಳೆದ್ರೆ ಹೊಸವೇ. ಇವನ್ನೂ ಲೆಕ್ಕಕ್ಕೆ ಹಿಡಿಯೋಣ.”

ಅವನು ಹೇಳಿದ್ದು ತಪ್ಪಲ್ಲ. ಆಷಾಢದಿಂದ ನಾನು ಮನಸ್ಸಿನಲ್ಲಿ ಹೇಳಿಕೊಂಡು ಬಂದ ಮಾತೇ ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮಾತ್ರ ಅದರ ತೂಕ ತಿಳಿಯಿತು. ನಾನು ಕೆಳಗಿಳಿದು ಅಂಗಡಿಯಿಂದ ಸುತ್ತಿಗೆ, ಮೊಳೆ ತಂದೆ. ಕೊತ್ತಂಬರಿ ಕೊಯ್ದು ಖಾಲಿಯಾಗಿದ್ದ ಪರಾತವನ್ನು ಹೊಸ್ತಿಲ ಕಲ್ಲಿನ ಮೇಲೆ ಬೋರಲು ಹಾಕಿ, ಮೊಳೆ ನಿಲ್ಲಿಸಿ ಹೊಡೆದೆ. ಪಾತ್ರೆ ಜಾರಿತು. ಮತ್ತೆ ಹೊಡೆದೆ.

“ಅಕ್ಕಾ, ಏನ್ ಮಾಡ್ತಿದೀರಿ! ತೂತು ಬಿದ್ ಪರಾತ ಯಾರು ತಗೊಂತಾರೆ?”

“ಯಾರೂ ತಗೊಳ್ಳಲ್ಲ ರುದ್ರೇಶ. ಅದಕ್ಕೇ ಹೊಡೀತಿರೋದು.”

ಅವನು ಶಾಂತಾಳ ಮುಖ ನೋಡಿದ. ಶಾಂತಾ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದಳು. ಸುಮಾ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಪರಾತದ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

“ಹೊಡಿ ಅಕ್ಕ, ಜಾರಲ್ಲ ಈಗ.”

ಪಾತ್ರೆ ಪೂರ್ತಿ ತೂತಾದ ಮೇಲೆ ಎತ್ತಿ ಕಿಟಕಿಗೆ ಹಿಡಿದೆ. ಅಷ್ಟೂ ತೂತಿನಿಂದ ಬೆಳಕು ಬಂತು.

“ಹಬ್ಬದ ದಿನ ಒಬ್ಳೇ ಬೇವು ಬೆಲ್ಲ ತಿಂತೀಯಾ?” ಎಂದು ಶಾಂತಾ ಕೇಳಿದಳು.

“ಬೇವು ಇಲ್ಲಿ ತಿಂತೀನಿ. ಬೆಲ್ಲ ತಿನ್ನಾಕೆ ನಿಮ್ಮನೆಗೆ ಬರ್ತೀನಿ.”

ಲಗೇಜ್ ಆಟೋ ಖಾಲಿ ಹೊರಟಿತು. ಹಿಂದೆ ಏನೂ ಇಲ್ಲದ್ದರಿಂದ ಎಗರಾಡಿಕೊಂಡು ಹೋಯಿತು. ತಿರುವಿನವರೆಗೂ ಸದ್ದು ಕೇಳುತ್ತಿತ್ತು. ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಮೇಲೆ ಹೋಗಿ ನಾಲ್ಕು ತಟ್ಟೆ ತೊಳೆದೆ. ಸುಮಾಳ ತಟ್ಟೆಯ ಅಂಚು ಚೊಕ್ಕವಾಗಿತ್ತು.

ಮರುದಿನ ಎರಡು ಟೊಮೆಟೊ, ಒಂದು ಈರುಳ್ಳಿಗೆ ಮಾಬೂಬಿಯ ಮುಂದೆ ನಿಂತೆ.

“ಗಾಡಿ ಖಾಲಿ ಹೋತಲ್ರೀ ನಿನ್ನೆ.”

“ಹೋತು ಬೂಬಮ್ಮ.”

ಅವಳು ಕೈಯಲ್ಲೇ ತೂಗಿದಳು. ದುಡ್ಡು ಕೊಟ್ಟೆ, ಚಿಲ್ಲರೆ ಬಂತು. ಅವತ್ತು ಕೇಳುವ ಉತ್ಸಾಹವಿರಲಿಲ್ಲ. ಚೀಲ ಮಡಚಿಕೊಂಡು ತಿರುಗಿದೆ.

“ಏನ್ರೀ, ಕೊಸರು ಬ್ಯಾಡ್ವಾ?”

ನಿಂತೆ. ಅವಳು ಹಿಡಿಗೆ ಕೈ ಹಾಕಲಿಲ್ಲ. ಒಂದು ಕಟ್ಟಿನಿಂದ ಮೂರೇ ಕಡ್ಡಿ ಎಳೆದು, ಬೇರು ಮುರಿದು, ನೀರು ಕೊಡವಿ, ನನ್ನ ಚೀಲದೊಳಗೆ ಈರುಳ್ಳಿಯ ಮೇಲೆ ಮೆಲ್ಲಗೆ ಇಟ್ಟಳು.

“ಒಬ್ರಿಗೆ ಒಬ್ರ ಕೊಸರು. ಜಾಸ್ತಿ ಹಾಕಿದ್ರೆ ನಿಮ್ಮನೇಲಿ ಕೊಳೀತೈತೆ.”

ನಿಮ್ಮನೇಲಿ ಅಂದಳು. ನನ್ನ ಬಾಯಿಗೆ ಬಂದದ್ದು ಮಾತ್ರ ವ್ಯಾಪಾರವೇ.

“ಕರಿಬೇವು?”

“ಹೋಗ್ರೀ ಅತ್ಲಾಗೆ!”

ಈಗಲೂ ಜಗಳೂರಿನಲ್ಲೇ ಇದ್ದೇನೆ. ಸಂತೇಬೆನ್ನೂರಿನಿಂದ ತಂದ ಎರಡು ಹಿಡಿ ಕೊತ್ತಂಬರಿ ಕಿಟಕಿಯ ಕಟ್ಟೆಯ ಮೇಲೆ ಚೊಂಬಿನಲ್ಲಿ ನಿಂತಿದೆ. ಮುಗಿಯುವ ಮೊದಲು ಹಳದಿಯಾಗುತ್ತದೆ, ಗೊತ್ತು.

ನೀವೂ ಮನೆಯೊಳಗೆ ಸೊಪ್ಪು ಬೆಳೆಯುವವರಾದರೆ, ನನ್ನ ಅನುಭವದ ಮಾತು ಕೇಳಿ. ಪೂರ್ವದ ಕಿಟಕಿ ಹಿಡಿಯಿರಿ. ಮಧ್ಯಾಹ್ನದ ಬಿಸಿಲು ಬೇಡ. ಪಾತ್ರೆ ಹಳೆಯದಾದರೂ ಸರಿ, ಹೊಸದಾದರೂ ಸರಿ, ಮೊದಲ ದಿನವೇ ತೂತು ಹೊಡೆಯಿರಿ. ಮುಂದೆ ಬೇಕಾಗಬಹುದು ಎಂದು ಉಳಿಸಿಕೊಂಡ ಪಾತ್ರೆಯಲ್ಲಿ ಬೇರು ನಿಲ್ಲುವುದಿಲ್ಲ. ನೀರು ಹಾಕುವ ಮೊದಲು ಬೆರಳು ಮಣ್ಣಿಗೆ ಇಳಿಸಿ ನೋಡಿ, ಮೇಲಿನ ಬಣ್ಣ ನಂಬಬೇಡಿ. ದಿನಾ ಬೆಳಿಗ್ಗೆ ಪಾತ್ರೆ ತಿರುಗಿಸಿ. ಪುದೀನದ ಕಡ್ಡಿ ಎಸೆಯಬೇಡಿ, ದೊಡ್ಡಪತ್ರೆಗೆ ನೀರು ಕಡಿಮೆ ಮಾಡಿ, ಮೆಂತ್ಯ ಎಳೆಯದಾಗಿರುವಾಗಲೇ ಕೊಯ್ಯಿರಿ.

ಆದರೆ ಮನೆಯಲ್ಲಿ ನೀವು ಒಬ್ಬರೇ ಇದ್ದರೆ ಕೊತ್ತಂಬರಿ ಮಾತ್ರ ಹಾಕಬೇಡಿ. ಬರುವುದಿಲ್ಲ ಎಂದಲ್ಲ, ತೂತು ಹೊಡೆದ ಪರಾತದಲ್ಲಿ ನನಗೆ ಸೊಗಸಾಗಿ ಬಂತು. ಆಮೇಲೆ ನಾನೇ ನಿಲ್ಲಿಸಿದೆ. ಬೇಕಾದದ್ದೆಲ್ಲ ಕಿಟಕಿಯಲ್ಲೇ ಸಿಕ್ಕರೆ ಮೆಟ್ಟಿಲು ಇಳಿಯಲು ಕಾರಣ ಉಳಿಯುವುದಿಲ್ಲ. ಒಂದನ್ನಾದರೂ ಹೊರಗಿನವರ ಕೈಯಲ್ಲಿ ಬಿಡಿ. ಎರಡೇ ಟೊಮೆಟೊ ಕೊಂಡಿದ್ದರೂ ನಾಚಬೇಡಿ. ಅವರು ಚಿಲ್ಲರೆ ಹುಡುಕುವಾಗ ಚೀಲದ ಬಾಯಿ ಅಗಲಿಸಿ ಹಿಡಿದು ಕೇಳಿ. ಮೊದಮೊದಲು ಹಾಕುವುದಿಲ್ಲ. ಮರುದಿನವೂ ಹೋಗಿ ಕೇಳಿ.